ಮಣ್ಣಿನೊಳಗಿನ ಗಾಜಿನೆಳೆ



ಮಣ್ಣಿನ ಅಧ್ಯಯನದಲ್ಲಿ ತೊಡಗಿದ ನಾನು ಅಂತರ್ಜಾಲದ ಕುರಿತು ಮಾತನಾಡುವುದು ನಿಮಗೆ ವಿಚಿತ್ರವೆನಿಸಬಹುದು. ಆದರೆ ಮೊಬೈಲಿನಿಂದ ಗೋಪುರದವರೆಗಿನ ಅಲ್ಪ ದಾರಿಯನ್ನು ಬಿಟ್ಟರೆ, ನಮ್ಮ ಸಂದೇಶಗಳ ಪಯಣವು ಬಹುಪಾಲು ಮಣ್ಣಿನೊಳಗೇ ನಡೆಯುತ್ತದೆ. ಅವು ಸಾಗುವ ಗಾಜಿನ ಎಳೆಯ ಹೊರವ್ಯಾಸ 125 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೆಯ ಒಂದು ಪಾಲು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸಂಗತಿ ಬೆಟ್ಟದವರಾದ ನಮಗೇಕೆ? ಆ ಸೀಮೆಯ ನೆರೆ ಹುಟ್ಟುವುದು ಸಹ್ಯಾದ್ರಿಯ ನೆತ್ತಿಯಲ್ಲಿ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಘಟ್ಟದ ಮಳೆಯನ್ನೇ ಹೊತ್ತು ಅಲ್ಲಿಗಿಳಿಯುತ್ತವೆ. 2019ರ ಆಗಸ್ಟ್ ಹಾಗೂ 2021ರ ಜುಲೈ ತಿಂಗಳ ಪ್ರವಾಹಗಳನ್ನು ಆ ಜನ ಮರೆತಿಲ್ಲ. 2021ರಲ್ಲಿ ನಿಪ್ಪಾಣಿ ಸಮೀಪದ ಯಮಗರ್ಣಿಯಲ್ಲಿ ವೇದಗಂಗೆ ಉಕ್ಕಿ ರಾಷ್ಟ್ರೀಯ ಹೆದ್ದಾರಿಯೇ ಮುಚ್ಚಿತ್ತು. ಕೇಬಲ್ಲುಗಳು ಸಾಮಾನ್ಯವಾಗಿ ರಸ್ತೆಯ ಅಂಚನ್ನೂ ಸೇತುವೆಯನ್ನೂ ಅನುಸರಿಸುತ್ತವೆ. ರಸ್ತೆಯ ಮಣ್ಣು ಕೊಚ್ಚಿಹೋದರೆ ಕೊಳವೆ ಜೋತುಬಿದ್ದು, ಒಳಗಿನ ಎಳೆ ಜಗ್ಗಿ ತುಂಡಾಗುತ್ತದೆ.

ಎರೆಭೂಮಿಯ ಸ್ವಭಾವವೂ ಇದಕ್ಕೆ ಕೂಡುತ್ತದೆ. ಅದು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ದಮ್ಮಸು ಮಾಡದೆ ಸಡಿಲವಾಗಿ ಮುಚ್ಚಿದ ಕಾಲುವೆಯು ಮೊದಲ ಮಳೆಗೇ ಕುಸಿದು, ಹೊಲದ ನೀರಿಗೆ ದಾರಿಯಾಗುತ್ತದೆ. ಭಾರತ್‌ನೆಟ್ ಕೇಬಲ್ಲಿಗೆ ಸಾಮಾನ್ಯ ಮಣ್ಣಿನಲ್ಲಿ 1.65 ಮೀಟರ್ ಆಳ ನಿಗದಿಯಾಗಿದೆ. ಮೇಲ್ಮಣ್ಣು ಕೊರೆದುಹೋದಂತೆ ಆ ಆಳವೂ ಕರಗುತ್ತದೆ.

ಆದರೂ ನೆರೆಯೊಂದನ್ನೇ ದೂರುವುದು ಸಲ್ಲದು. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಬಾರಿ ಕೇಬಲ್ ಕಡಿಯುತ್ತದೆ, ನಷ್ಟ ಸುಮಾರು 3,000 ಕೋಟಿ ರೂಪಾಯಿ ಎಂದು 2023ರಲ್ಲಿ ಕೇಂದ್ರ ಸರ್ಕಾರವೇ ಹೇಳಿತು. ಅದಕ್ಕೆ ಕಾರಣವೆಂದು ಅದು ಗುರುತಿಸಿದ್ದು ಹೊಂದಾಣಿಕೆಯಿಲ್ಲದ ಅಗೆತವನ್ನು. ರಸ್ತೆ ಅಗಲಿಸುವವರು, ಕುಡಿಯುವ ನೀರಿನ ಕೊಳವೆ ಹಾಕುವವರು, ಚರಂಡಿ ತೋಡುವವರು ಒಬ್ಬರನ್ನೊಬ್ಬರು ಕೇಳದೆ ಜೆಸಿಬಿ ಇಳಿಸುತ್ತಾರೆ. ತಾಮ್ರವಿರಬಹುದೆಂದು ಕತ್ತರಿಸಿ, ಗಾಜು ಕಂಡು ಬಿಸುಟು ಹೋಗುವ ಕಳ್ಳರ ಮಾತು ಬೇರೆ.

ದುರಸ್ತಿಯ ಕ್ರಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂದು ತುದಿಯಿಂದ ಬೆಳಕಿನ ಮಿಡಿತವನ್ನು ಕಳಿಸುತ್ತಾರೆ. ತುಂಡಾದಲ್ಲಿಂದ ಅದರ ಅಂಶವೊಂದು ಮರಳುತ್ತದೆ. ಒಂದು ಕಿಲೋಮೀಟರ್ ಹೋಗಿಬರಲು ಬೆಳಕಿಗೆ ಸುಮಾರು 10 ಮೈಕ್ರೋಸೆಕೆಂಡು ಬೇಕು. ಆ ಲೆಕ್ಕದಿಂದ ದೂರ ತಿಳಿಯುತ್ತದೆ. ಆದರೆ ಅದು ಎಳೆಯ ಉದ್ದ, ರಸ್ತೆಯ ಉದ್ದವಲ್ಲ. ದುರಸ್ತಿಗೆಂದು ಅಲ್ಲಲ್ಲಿ ಸುರುಳಿ ಸುತ್ತಿಟ್ಟ ಹೆಚ್ಚುವರಿ ಕೇಬಲ್ಲಿನ ದಾಖಲೆ ಇಲ್ಲದಿದ್ದರೆ, ಅಗೆಯುವವರು ತಪ್ಪು ಜಾಗವನ್ನೇ ಅಗೆಯುತ್ತಾರೆ. ತುಂಡು ಸಿಕ್ಕ ಮೇಲೆ ಎಳೆಗಳನ್ನು ಒರೆಸಿ, ನೇರ ಕತ್ತರಿಸಿ, ವಿದ್ಯುತ್ ಕಿಡಿಯಿಂದ ಕರಗಿಸಿ ಬೆಸೆಯಬೇಕು. ಕೆಸರು ನೀರಿನಲ್ಲಿ ಈ ಕೆಲಸ ಸಾಧ್ಯವಿಲ್ಲ. ಆದ್ದರಿಂದಲೇ ನೆರೆ ಇಳಿಯುವವರೆಗೆ ಕಾಯಬೇಕಾಗುತ್ತದೆ.

ಆ ಕಾಯುವಿಕೆಯ ಬೆಲೆಯನ್ನು ತೆರುವವರು ಯಾರು? ಪಹಣಿ ಬೇಕಾದವರು, ಪಡಿತರಕ್ಕೆ ಹೆಬ್ಬೆರಳು ಒತ್ತಬೇಕಾದವರು, ಬೆಳೆ ವಿಮೆಯ ಕೊನೆಯ ದಿನ ಕಂತು ಕಟ್ಟಲು ಬಂದವರು. ಸಂಪರ್ಕ ಕಡಿದರೂ ಗಡುವು ಕಡಿಯುವುದಿಲ್ಲ.

ನನಗೆ ಬೆರಗು ಇದು: ಹೊಲದ ಒಂದೊಂದು ಗುಂಟೆಗೂ ದಾಖಲೆಯಿಟ್ಟ ನಾವು, ಅದರ ಪಕ್ಕದ ರಸ್ತೆಯಡಿ ಏನಿದೆಯೆಂದು ಪಂಚಾಯಿತಿಯಲ್ಲಿ ಕೇಳಿದರೆ ನಕ್ಷೆ ದೊರೆಯುವಂತೆ ಮಾಡಲಿಲ್ಲ. ಅಗೆಯುವ ಮುನ್ನ ಕೇಬಲ್ಲಿನ ಒಡೆಯರಿಗೆ ತಿಳಿಸುವ ಮೊಬೈಲ್ ವ್ಯವಸ್ಥೆಯು 2023ರ ಮಾರ್ಚ್ 22ರಂದು ಆರಂಭವಾಗಿದೆ. ಒಳ್ಳೆಯದೇ, ಆದರೆ ಊರಿನ ಜೆಸಿಬಿ ಚಾಲಕ ಮೊದಲು ವಿಚಾರಿಸುವುದು ಊರಿನವರನ್ನು. ಸರ್ವೆ ಕಲ್ಲಿನಿಂದ ಅಳೆದ ಒಂದು ಹಾಳೆ ಪಂಚಾಯಿತಿಯ ಗೋಡೆಯ ಮೇಲಿರಲಿ. ಅದನ್ನು ಬರೆಯಲು ನಮ್ಮ ಪ್ರೌಢಶಾಲೆಯ ಮಕ್ಕಳೂ ನೆರವಾಗಬಲ್ಲರು.

ಇನ್ನೊಂದು ಮಾತು. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಭಾರತ್‌ನೆಟ್ ಯೋಜನೆಯು ಕೇಬಲ್ಲನ್ನು ವರ್ತುಲವಾಗಿ ಹಾಯಿಸುವುದಾಗಿ ಹೇಳುತ್ತದೆ; ಒಂದು ಕಡೆ ಕಡಿದರೆ ಬೆಳಕು ಇನ್ನೊಂದು ಕಡೆಯಿಂದ ಬರುತ್ತದೆ. ವರ್ತುಲದ ಎರಡೂ ತೋಳುಗಳು ಒಂದೇ ಸೇತುವೆಯನ್ನು ದಾಟಿದರೆ ನೆರೆಗೆ ಎರಡೂ ಒಂದೇ. ಕೇಬಲ್ ಹಾಕಲು ಬಂದವರನ್ನು ಗ್ರಾಮಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಎರಡನೆಯ ತೋಳು ಯಾವ ಹಾದಿಯಲ್ಲಿ ಬರುತ್ತದೆ ಎಂಬುದು.