ನಾಚಿಕೆಯೋ ಅವಮಾನವೋ

ಕ್ರೈಸ್ತರ ಹೊಸ ಒಡಂಬಡಿಕೆಯನ್ನು ಗ್ರೀಕ್ ಮೂಲದಲ್ಲಿ ಓದುವವನಿಗೆ ಕೆಲವು ಪದಗಳು ಬಹುಕಾಲ ಕಾಟ ಕೊಡುತ್ತವೆ. ನನ್ನ ಪಾಲಿಗೆ ಅಂಥದೊಂದು ಪದ ‘ಐಸ್ಖುನೇ’. ನಿಘಂಟನ್ನು ತೆರೆದರೆ ನಾಚಿಕೆ ಎಂಬ ಅರ್ಥ ಸುಲಭವಾಗಿ ದೊರೆಯುತ್ತದೆ; ಅದರ ಪಕ್ಕದಲ್ಲಿಯೇ ಅವಮಾನ ಎಂಬ ಅರ್ಥವೂ ಇರುತ್ತದೆ. ತೊಡಕಿರುವುದು ಇಲ್ಲಿಯೇ. ಕನ್ನಡಿಗರಾದ ನಮಗೆ ಇವೆರಡೂ ಬೇರೆ ಬೇರೆ. ಅವಮಾನ ಇತರರು ನಮಗೆ ಮಾಡುವಂಥದು. ನಾಚಿಕೆ ನಮ್ಮೊಳಗೆ ನಮಗೇ ಆಗುವಂಥದು. ಗ್ರೀಕರು ಎರಡನ್ನೂ ಒಂದೇ ಪದದಲ್ಲಿ ಕಟ್ಟಿಟ್ಟರು.

ಇದರ ನಂಟು ‘ಐಸ್ಖ್ರೋಸ್’ ಎಂಬ ಪದದೊಡನೆ. ಹಾಗೆಂದರೆ ಕುರೂಪವಾದದ್ದು, ಸುಂದರವೂ ಶ್ರೇಷ್ಠವೂ ಆದ ‘ಕಲೋಸ್’ ಎಂಬುದಕ್ಕೆ ಎದುರಾದದ್ದು. ಎಂದಮೇಲೆ ಈ ಭಾವಕ್ಕೆ ನೋಡುವ ಕಣ್ಣೊಂದು ಬೇಕು. ಅರಿಸ್ಟಾಟಲನು ‘ರೆಟೊರಿಕ್’ ಗ್ರಂಥದಲ್ಲಿ ಇದನ್ನು ಚರ್ಚಿಸುತ್ತ, ನಾಚಿಕೆಯ ನೆಲೆ ಕಣ್ಣು ಎಂಬರ್ಥದ ಗಾದೆಯೊಂದನ್ನು ನೆನೆಯುತ್ತಾನೆ. ತಪ್ಪಿಗೆ ಮೊದಲೇ ಕೈಹಿಡಿದು ತಡೆಯುವ ಲಜ್ಜೆಗೆ ‘ಐದೋಸ್’ ಎಂಬ ಹಳೆಯ, ಗೌರವದ ಪದವೊಂದಿತ್ತು. ಹೊಸ ಒಡಂಬಡಿಕೆಯಲ್ಲಿ, ಇಂದಿನ ವಿದ್ವಾಂಸರು ಒಪ್ಪುವ ಪಾಠದ ಪ್ರಕಾರ, ಅದು ಒಂದೇ ಕಡೆ ಬರುತ್ತದೆ. ತಿಮೊಥೆಗೆ ಬರೆದ ಮೊದಲ ಪತ್ರದಲ್ಲಿ, ಸ್ತ್ರೀಯರ ಉಡುಗೆಯ ಮಾತಿನಲ್ಲಿ.

ಐಸ್ಖುನೇ ಬರುವುದು 6 ಕಡೆ. ಲೂಕನ 14ನೆಯ ಅಧ್ಯಾಯದಲ್ಲಿ ಮದುವೆಯ ಔತಣಕ್ಕೆ ಬಂದವನೊಬ್ಬ ಮೇಲಿನ ಸ್ಥಾನದಲ್ಲಿ ಕುಳಿತು, ಕರೆದವನೇ ಬಂದು ಎಬ್ಬಿಸಲು, ಕಡೆಯ ಸ್ಥಾನಕ್ಕೆ ನಡೆಯುತ್ತಾನೆ. ಪಂಕ್ತಿಭೋಜನವನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಇದೇ ಪದದ ಕ್ರಿಯಾರೂಪ 16ನೆಯ ಅಧ್ಯಾಯದಲ್ಲಿದೆ. ಕೆಲಸ ಕಳೆದುಕೊಳ್ಳಲಿರುವ ಮನೆವಾರ್ತೆಯವನು ಅಗೆಯಲು ಶಕ್ತಿಯಿಲ್ಲ, ಬೇಡಲು ನಾಚಿಕೆ ಎಂದು ತನ್ನೊಳಗೇ ಅಂದುಕೊಳ್ಳುತ್ತಾನೆ. ಅವನನ್ನು ಆಗ ಯಾರೂ ನೋಡುತ್ತಿಲ್ಲ. ಆ ವಾಕ್ಯವನ್ನು ಓದುವಾಗಲೆಲ್ಲ ನನಗೆ ನನ್ನ ಬಾಲ್ಯದ ಒಂದು ಸಂಜೆ ನೆನಪಾಗುತ್ತದೆ. ನೆರೆಮನೆಯಿಂದ ಒಂದು ಪಾವು ಅಕ್ಕಿ ಕೇಳಿ ತರಲು ತಾಯಿ ಬಟ್ಟಲು ಕೊಟ್ಟು ಕಳುಹಿಸಿದ್ದಳು. ನೆರೆಮನೆಯಾಕೆ ಒಂದು ಮಾತೂ ಆಡದೆ, ಅಳತೆಗಿಂತ ಹೆಚ್ಚಾಗಿಯೇ ಅಕ್ಕಿ ಸುರಿದಳು. ಯಾರೂ ಅವಮಾನಿಸಿರಲಿಲ್ಲ, ಆದರೂ ಮನೆ ಸೇರುವವರೆಗೆ ನಾನು ತಲೆಯೆತ್ತಲಿಲ್ಲ.

ಇನ್ನು ನನ್ನನ್ನು ಹೆಚ್ಚು ಕಾಡಿದ ಸ್ಥಳ: ಇಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯ. ಶಿಲುಬೆ ರೋಮನರಲ್ಲಿ ಮುಖ್ಯವಾಗಿ ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಶಿಕ್ಷೆ. ಆ ಪದವೇ ರೋಮನ್ ನಾಗರಿಕನ ಕಣ್ಣಿಗೂ ಕಿವಿಗೂ ದೂರವಿರಬೇಕೆಂದು ಸಿಸೆರೊ ನ್ಯಾಯಸ್ಥಾನದಲ್ಲಿ ವಾದಿಸಿದ್ದ. ನೋವು ಎಷ್ಟಿತ್ತೋ ನಾಲ್ಕು ಜನರ ಕಣ್ಣೆದುರಿನ ಮಾನಭಂಗವೂ ಅಷ್ಟೇ ಇತ್ತು. ಪತ್ರದ ಓದುಗರಿಗೂ ಇದು ಹೊರಗಿನ ವಿಷಯವಲ್ಲ. ಅವರನ್ನು ಬಹಿರಂಗವಾಗಿ ನಿಂದಿಸಿ ನೋಟದ ವಸ್ತುವಾಗಿಸಿದ್ದರೆಂದು 10ನೆಯ ಅಧ್ಯಾಯವೇ ಹೇಳುತ್ತದೆ. ಅಂಥವರಿಗೆ ಬರೆಯುತ್ತ ಪತ್ರಕಾರನು ಎರಡು ಕ್ರಿಯಾಪದಗಳನ್ನು ಬಳಸುತ್ತಾನೆ: ಕ್ರಿಸ್ತನು ಶಿಲುಬೆಯನ್ನು ಸಹಿಸಿದ, ಐಸ್ಖುನೇಯನ್ನು ಕಡೆಗಣಿಸಿದ. ಎರಡನೆಯ ಕ್ರಿಯೆಯ ಅವಯವಾರ್ಥ ಕೀಳಾಗಿ ಎಣಿಸುವುದು. ನೋವನ್ನು ಹಾಗೆ ಎಣಿಸಿ ಕಳೆಯಲಾಗದು, ಅನುಭವಿಸಿಯೇ ತೀರಬೇಕು. ನಾಚಿಕೆಯ ರೀತಿ ಬೇರೆ. ನೋಡುವವರ ತೀರ್ಪನ್ನು ನಾವೂ ಒಳಗೆ ಒಪ್ಪಿದಾಗ ಮಾತ್ರ ಅದು ಪೂರ್ಣವಾಗುತ್ತದೆ.

ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾಗಿ ಬೈಬಲನ್ನು ಕನ್ನಡಿಸಿದವರೆಲ್ಲ ಇಂಥ ಕಡೆಗಳಲ್ಲಿ ಒಂದು ಪದವನ್ನು ಆರಿಸಲೇಬೇಕಿತ್ತು. ಇಲ್ಲಿ ‘ಅವಮಾನ’ ಎಂದರೆ ತಪ್ಪೇನೂ ಇಲ್ಲ. ಆದರೆ ಹಾಗೆಂದೊಡನೆ ಕೆಲಸ ಹಗುರವಾಗಿಬಿಡುತ್ತದೆ. ಪರರ ನಿಂದೆಯನ್ನು ಲೆಕ್ಕಿಸದ ಧೀರರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಗ್ರೀಕ್ ಪದದಲ್ಲಿ ಆ ನಿಂದೆ ಆಗಲೇ ಒಳಗೆ ಇಳಿದು ಸುಡುತ್ತಿದೆ. ಕಡೆಗಣಿಸಬೇಕಾದದ್ದು ಅದನ್ನು.

ನಾಚಿಕೆ ತಪ್ಪಿತಸ್ಥನಿಗೆ ಸಲ್ಲುವುದು, ನಿರಪರಾಧಿಗೆ ಹೇಗೆ ಹೇಳುವುದೆಂದು ಸ್ನೇಹಿತರೊಬ್ಬರು ಆಕ್ಷೇಪಿಸಿದರು. ಬಟ್ಟಲು ಹಿಡಿದು ಹೋದ ಆ ಹುಡುಗ ಯಾವ ತಪ್ಪು ಮಾಡಿದ್ದನೆಂದು ನಾನು ಕೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ. ನನ್ನ ಪ್ರತಿಯ ಅಂಚಿನಲ್ಲಿ ಬಹಳ ವರ್ಷ ‘ಅವಮಾನ’ ಎಂದಿತ್ತು. ಅದನ್ನು ಹೊಡೆದು ಪೆನ್ಸಿಲಿನಲ್ಲಿ ‘ನಾಚಿಕೆ’ ಎಂದು ಬರೆದಿದ್ದೇನೆ; ಮೊದಲಿನದೂ ಗೆರೆಯ ಅಡಿಯಲ್ಲಿ ಇನ್ನೂ ಕಾಣುತ್ತದೆ.