ಒಡೆದ ತಟ್ಟೆಗೂ ಒಂದು ದತ್ತಿ



ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ 1326ರಲ್ಲಿ ಡಮಾಸ್ಕಸ್ ನಗರಕ್ಕೆ ಬಂದ. ಅಲ್ಲಿನ ಓಣಿಯೊಂದರಲ್ಲಿ ಹೋಗುತ್ತಿರುವಾಗ ಗುಲಾಮ ಹುಡುಗನೊಬ್ಬನ ಕೈಯಿಂದ ತಟ್ಟೆಯೊಂದು ಜಾರಿ ಚೂರುಚೂರಾಯಿತು. ಚೀನಾದ ಪಿಂಗಾಣಿ, ಬೆಲೆಬಾಳುವಂಥದ್ದು. ಜನ ಸೇರಿದರು. ಅವರಲ್ಲೊಬ್ಬ, ಚೂರುಗಳನ್ನು ಆರಿಸಿಕೋ, ಪಾತ್ರೆಗಳ ವಕ್ಫ್ ನೋಡಿಕೊಳ್ಳುವವರ ಹತ್ತಿರ ತೆಗೆದುಕೊಂಡು ಹೋಗು ಎಂದ. ತಾನೂ ಜೊತೆಗೆ ಹೋದ. ಚೂರುಗಳನ್ನು ತೋರಿಸಿದ್ದಾಯಿತು, ಅಂಥದೇ ತಟ್ಟೆ ಕೊಳ್ಳುವಷ್ಟು ಹಣ ಹುಡುಗನ ಕೈಗೆ ಬಂತು. ಇಲ್ಲದಿದ್ದರೆ ಯಜಮಾನ ಹೊಡೆಯುತ್ತಿದ್ದ, ಬೈಯುವುದಂತೂ ತಪ್ಪುತ್ತಿರಲಿಲ್ಲ, ಹುಡುಗ ನೊಂದುಕೊಳ್ಳುತ್ತಿದ್ದ ಎಂದು ಇಬ್ನ್ ಬತೂತ ತನ್ನ ಪ್ರವಾಸಕಥನದಲ್ಲಿ ಹೇಳುತ್ತಾನೆ. ಮುಂದೆ ನಮ್ಮ ಹೊನ್ನಾವರಕ್ಕೂ ಮಂಗಳೂರಿಗೂ ಬಂದು, ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು ಬರೆದವನೂ ಇವನೇ.

ವಕ್ಫ್ ಎಂದರೆ ದೇವರ ಹೆಸರಿನಲ್ಲಿ ಬಿಟ್ಟುಕೊಟ್ಟ ಆಸ್ತಿ. ಅದನ್ನು ಮಾರುವಂತಿಲ್ಲ, ಮಕ್ಕಳು ಪಾಲು ಮಾಡಿಕೊಳ್ಳುವಂತಿಲ್ಲ. ಬರುವ ಉತ್ಪನ್ನ ಮಾತ್ರ ಗೊತ್ತುಮಾಡಿದ ಕೆಲಸಕ್ಕೆ ಸಲ್ಲಬೇಕು. ಆಗಿನ ಡಮಾಸ್ಕಸ್‌ನಲ್ಲಿ ಬಡ ಹೆಣ್ಣುಮಕ್ಕಳ ಮದುವೆಗೆ, ಸೆರೆಸಿಕ್ಕವರನ್ನು ಬಿಡಿಸುವುದಕ್ಕೆ, ದಾರಿಹೋಕರ ಊಟಕ್ಕೆ, ಬೀದಿಗೆ ಕಲ್ಲು ಹಾಸುವುದಕ್ಕೆ ಒಂದೊಂದು ವಕ್ಫ್ ಇತ್ತಂತೆ. ಆಸ್ಪತ್ರೆ ಕಟ್ಟಿಸಿದವರಿಗೆ ಹೆಸರು ಬರುತ್ತದೆ, ಅದು ಸಹಜ. ಆದರೆ ಕೆಲಸದ ಹುಡುಗರ ಕೈಯಲ್ಲಿ ತಟ್ಟೆ ಒಡೆಯುತ್ತದೆ, ಅದಕ್ಕೂ ಆಸ್ತಿ ಬಿಡಬೇಕು ಎಂದು ಯಾರಿಗೋ ತೋಚಿತಲ್ಲ, ನನಗೆ ಅದೇ ಹೆಚ್ಚಿನದಾಗಿ ಕಾಣುತ್ತದೆ.

ಇಸ್ಲಾಮಿನಲ್ಲಿ ದಾನ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಝಕಾತ್. ಗೊತ್ತಾದ ಮಿತಿಗಿಂತ ಹೆಚ್ಚು ಹಣ, ಚಿನ್ನ, ವ್ಯಾಪಾರದ ಸರಕು ವರ್ಷವಿಡೀ ಕೈಯಲ್ಲಿ ಉಳಿದಿದ್ದರೆ ನೂರಕ್ಕೆ ಎರಡೂವರೆ ಪಾಲು ಕೊಡಬೇಕು. ಪಡೆಯಲು ಅರ್ಹರಾದ ಎಂಟು ವರ್ಗದವರನ್ನು ಕುರ್‌ಆನಿನ ಒಂಬತ್ತನೆಯ ಅಧ್ಯಾಯ ಹೆಸರಿಸುತ್ತದೆ. ಅದು ಲೆಕ್ಕದ ಮಾತು. ಮನಸ್ಸಿನಿಂದ ತಾನಾಗಿ ಕೊಡುವ ದಾನ ಸದಕಾ. ಅದಕ್ಕೆ ಲೆಕ್ಕವಿಲ್ಲ, ತಿಂಗಳಿಲ್ಲ, ಸಿರಿವಂತಿಕೆಯೂ ಬೇಕಿಲ್ಲ.

ಈ ಕೊನೆಯ ಮಾತು ಮದೀನಾದ ಬಡವರ ದೂರಿನಿಂದಲೇ ಸ್ಪಷ್ಟವಾಯಿತು ಎನ್ನಬಹುದು. ಅನುಕೂಲಸ್ಥರು ನಮ್ಮಂತೆಯೇ ನಮಾಜು ಮಾಡುತ್ತಾರೆ, ನಮ್ಮಂತೆಯೇ ಉಪವಾಸ ಹಿಡಿಯುತ್ತಾರೆ, ಮೇಲೆ ಮಿಕ್ಕಿದ ಹಣದಲ್ಲಿ ದಾನವನ್ನೂ ಕೊಡುತ್ತಾರೆ, ಪುಣ್ಯವೆಲ್ಲ ಅವರ ಪಾಲಾಯಿತಲ್ಲ ಎಂದು ಕೆಲವರು ಪ್ರವಾದಿ ಮುಹಮ್ಮದರ ಬಳಿ ಹೇಳಿಕೊಂಡರು. ನ್ಯಾಯವಾದ ದೂರೇ. ಪ್ರವಾದಿಯವರು ಸಮಾಧಾನ ಹೇಳಿ ಕಳಿಸಲಿಲ್ಲ, ದಾನ ಯಾವುದು ಎಂಬುದರ ಎಲ್ಲೆಯನ್ನೇ ಹಿಗ್ಗಿಸಿದರು. ದೇವರ ಸ್ಮರಣೆ ದಾನ, ಒಳ್ಳೆಯದನ್ನು ಮಾಡಲು ಹೇಳುವುದು ದಾನ. ಬೇರೆ ಹದೀಸ್‌ಗಳಲ್ಲಿ, ಎಂದರೆ ಪ್ರವಾದಿಯವರ ನಡೆನುಡಿಗಳ ವರದಿಗಳಲ್ಲಿ, ಈ ಪಟ್ಟಿ ಇನ್ನೂ ಬೆಳೆಯುತ್ತದೆ. ಸವಾರನ ಹೊರೆಯನ್ನು ಎತ್ತಿ ಒಂಟೆಯ ಮೇಲಿಡುವುದು, ಜಗಳವಾಡಿದ ಇಬ್ಬರ ನಡುವೆ ನ್ಯಾಯ ಹೇಳುವುದು, ನಗುಮುಖ ತೋರುವುದು, ದಾರಿಯಲ್ಲಿ ಬಿದ್ದ ಮುಳ್ಳು ಕಲ್ಲು ತೆಗೆದುಹಾಕುವುದು. ಒಬ್ಬರು ಗಿಡ ನೆಟ್ಟರೆ ಅದರ ಹಣ್ಣನ್ನು ಹಕ್ಕಿ ತಿಂದರೂ ನೆಟ್ಟವರ ಖಾತೆಗೆ ದಾನ. ಮನುಷ್ಯನ ಮೈಯಲ್ಲಿ 360 ಕೀಲುಗಳಿವೆ, ದಿನ ಬೆಳಗಾದರೆ ಒಂದೊಂದು ಕೀಲಿನ ಮೇಲೂ ಒಂದೊಂದು ದಾನದ ಬಾಕಿ ಇದೆ ಎಂದೂ ಹದೀಸ್‌ನಲ್ಲಿದೆ. ಇಷ್ಟು ಬಾಕಿಯನ್ನು ರೊಕ್ಕದಲ್ಲಿ ತೀರಿಸಲು ಸಾಹುಕಾರನಿಂದಲೂ ಆಗದು.

ಅಡುಗೆಮನೆಯ ಕಡೆ ಬರೋಣ. ಸಾರು ಮಾಡುವಾಗ ನೀರು ತುಸು ಹೆಚ್ಚು ಹಾಕು, ನೆರೆಮನೆಯವರಿಗೂ ಕೊಡು ಎಂದು ಪ್ರವಾದಿಯವರು ತಮ್ಮ ಸಂಗಾತಿ ಅಬೂ ದರ್ರ್ ಅವರಿಗೆ ಹೇಳಿದ್ದುಂಟು. ಮಾಂಸ ಹೆಚ್ಚು ಹಾಕು ಎನ್ನಲಿಲ್ಲ, ನೀರು ಎಂದರು. ಬಡವರ ಮನೆಯ ಒಲೆ ಗೊತ್ತಿದ್ದವರ ಮಾತು ಅದು. ನೆರೆಯವರು ಇಬ್ಬರಿದ್ದಾರೆ, ಮೊದಲು ಯಾರಿಗೆ ಕೊಡಲಿ ಎಂದು ಪತ್ನಿ ಆಯಿಶಾ ಕೇಳಿದಾಗ, ಯಾರ ಬಾಗಿಲು ನಿನಗೆ ಹತ್ತಿರವೋ ಅವರಿಗೆ ಎಂಬ ಉತ್ತರ ಬಂತು. ಇನ್ನು ಎರವಲು. ಕುರ್‌ಆನಿನ 107ನೆಯ ಅಧ್ಯಾಯದಲ್ಲಿ ಇರುವುದು ಏಳೇ ವಾಕ್ಯ. ಅನಾಥರನ್ನು ದೂಡುವವರನ್ನೂ ತೋರಿಕೆಗೆ ನಮಾಜು ಮಾಡುವವರನ್ನೂ ಖಂಡಿಸಿ, ಕೊನೆಗೆ ದಿನಬಳಕೆಯ ಸಣ್ಣಪುಟ್ಟ ವಸ್ತು ಕೊಡಲೊಲ್ಲದವರನ್ನೂ ಅದೇ ಸಾಲಿಗೆ ಸೇರಿಸುತ್ತದೆ. ಸಣ್ಣಪುಟ್ಟ ಎಂದರೆ ಯಾವುದು? ಕೊಡಲಿ, ಮಡಕೆ, ಬಾವಿಯ ಕೊಡ ಎಂದು ಹಳೆಯ ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಕೊಡಲಿ ಕೇಳಿದ ನೆರೆಯವನಿಗೆ ಇಲ್ಲವೆನ್ನುವುದು ಅಷ್ಟು ದೊಡ್ಡ ತಪ್ಪೇ ಎಂದು ನೀವು ಕೇಳಬಹುದು. ಪಕ್ಕದ ಮನೆಯಲ್ಲಿ ಇಲ್ಲವೆನಿಸಿಕೊಂಡು ಬಂದವರನ್ನು ಕೇಳಿ ನೋಡಿ.

ಕೊಟ್ಟದ್ದನ್ನು ಎತ್ತಿ ಆಡುವುದಕ್ಕೂ ಕುರ್‌ಆನಿನ ಎರಡನೆಯ ಅಧ್ಯಾಯ ಅಷ್ಟೇ ಖಾರವಾಗಿದೆ. ಹಂಗಿಸಿದರೆ ದಾನವೇ ವ್ಯರ್ಥ, ನೋಯಿಸುವ ದಾನಕ್ಕಿಂತ ಒಳ್ಳೆಯ ಮಾತು ಲೇಸು ಎಂಬುದು ಅದರ ತಾತ್ಪರ್ಯ. ಬಹಿರಂಗವಾಗಿ ಕೊಟ್ಟರೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ಕೊಟ್ಟರೆ ಇನ್ನೂ ಒಳ್ಳೆಯದು ಎಂದೂ ಅಲ್ಲಿದೆ. ಉಸ್ಮಾನಿಯ ತುರ್ಕರು ಇದನ್ನು ಕಲ್ಲಿನಲ್ಲೇ ಮಾಡಿ ನಿಲ್ಲಿಸಿದರು. ಇಸ್ತಾಂಬುಲ್‌ನ ಉಸ್ಕುದಾರ್ ಭಾಗದಲ್ಲಿ ಸದಕಾ ಕಲ್ಲುಗಳು ಕೆಲವು ಈಗಲೂ ಉಳಿದಿವೆ. ಕಂಬದಂಥ ಕಲ್ಲು, ತುದಿಯಲ್ಲಿ ಒಂದು ಗುಳಿ. ಉಳ್ಳವರು ಗುಳಿಗೆ ಕೈಹಾಕಿ ನಾಣ್ಯ ಇಡುತ್ತಿದ್ದರು, ಇಲ್ಲದವರು ಕೈಹಾಕಿ ಬೇಕಾದಷ್ಟು ತೆಗೆಯುತ್ತಿದ್ದರು. ನೋಡುವವರಿಗೆ ಇಟ್ಟ ಕೈ ಯಾವುದು, ತೆಗೆದ ಕೈ ಯಾವುದು ತಿಳಿಯದು. ರಂಜಾನಿನಲ್ಲಿ ಅಪರಿಚಿತರು ದಿನಸಿ ಅಂಗಡಿಗೆ ಹೋಗಿ, ಸಾಲದ ಪುಸ್ತಕ ತೆಗೆಸಿ, ಯಾರದೋ ಬಾಕಿ ತೀರಿಸಿ ಬರುವ ರೂಢಿಯೂ ಅಲ್ಲಿತ್ತು. ಬೇಕರಿಯಲ್ಲಿ ಎರಡು ರೊಟ್ಟಿಗೆ ದುಡ್ಡು ಕೊಟ್ಟು ಒಂದನ್ನು ಮಾತ್ರ ಒಯ್ಯುವುದು ತುರ್ಕಿಯಲ್ಲಿ ಇಂದಿಗೂ ಉಂಟು. ಇನ್ನೊಂದು ಕೇಳಿ ಬಂದವರಿಗೆ. ರೇಷನ್ ಕಿಟ್ಟಿನ ಜೊತೆಗೆ ಪಡೆದವರ ಮುಖವನ್ನೂ ಫೋಟೊ ಹಿಡಿದು ಹಂಚುವ ಈಗಿನವರು, ಅವರು ಯಾವ ಮತದವರೇ ಆಗಲಿ, ಆ ಕಲ್ಲಿನ ಮುಂದೆ ಒಮ್ಮೆ ನಿಂತು ಬರಬೇಕು.

ನಮ್ಮ ಕರಾವಳಿಯಲ್ಲೇ ಕಾಣಸಿಗುವ ಒಂದು ದಾನದ ಬಗ್ಗೆಯೂ ಹೇಳಬೇಕು: ಈದುಲ್ ಫಿತ್ರ್ ಹಬ್ಬದ ಫಿತ್ರ್ ಝಕಾತ್. ಹಬ್ಬದ ದಿನ ಯಾರೂ ಹಸಿದಿರಬಾರದು ಎಂದು ಇದನ್ನು ಈದ್ ನಮಾಜಿಗೆ ಮುಂಚೆಯೇ ತಲುಪಿಸಬೇಕು. ಒಳನಾಡಿನ ಹನಫಿ ಪಂಥದವರು ಬಹುಪಾಲು ಹಣವನ್ನೇ ಕೊಡುತ್ತಾರೆ. ದಕ್ಷಿಣ ಕನ್ನಡದ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು. ಊರಿನ ಜನ ದಿನಾ ಉಣ್ಣುವ ಧಾನ್ಯವನ್ನೇ ಕೊಡಬೇಕೆಂಬುದು ಆ ಪಂಥದ ನಿಯಮವಾದ್ದರಿಂದ ಇವರದು ಅಕ್ಕಿ, ತಲೆಗೆ ಸುಮಾರು 2.5ರಿಂದ 3 ಕಿಲೊ. ಇದಕ್ಕೆ ಸಾಹುಕಾರನಾಗಿರಬೇಕಿಲ್ಲ. ಹಬ್ಬದ ಹಗಲು ರಾತ್ರಿಯ ಊಟ, ಬಟ್ಟೆ, ಮನೆ, ಸಾಲ ಕಳೆದು ಏನಾದರೂ ಮಿಕ್ಕಿದ್ದರೆ ಕೊಡುವ ಹೊಣೆ ಬಂತು. ಹಾಗಾಗಿ ಒಂದೇ ಮನೆ ಆಚೆಯವರಿಗೆ ಅಕ್ಕಿ ಕೊಟ್ಟು, ಈಚೆಯವರಿಂದ ಅಕ್ಕಿ ಪಡೆಯುವುದೂ ಉಂಟು. ಮನೆಯೊಡೆಯ ತನ್ನ ಪಾಲಿನ ಜೊತೆಗೆ ಹೆಂಡತಿಯದು, ಮಕ್ಕಳದು ಎಲ್ಲ ಅಳೆಯುತ್ತಾನೆ. ರಂಜಾನಿನ ಕೊನೆಯ ದಿನ ಹೊತ್ತು ಮುಳುಗುವ ಮುಂಚೆ ಮನೆಯಲ್ಲಿ ಕೂಸು ಹುಟ್ಟಿದರೆ, ಇನ್ನೂ ಹೆಸರಿಡದ ಆ ಕೂಸಿನ ಪಾಲಿನದನ್ನೂ ಅಳೆದು ಕೊಡಬೇಕು.