ಕಳಿಸಿದವರೇ ಲೆಕ್ಕ ಕೇಳಬೇಕು

(ತಾಲ್ಲೂಕು ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಹೈಸ್ಕೂಲು ಮುಗಿಸಿ ನೇಗಿಲು ಹಿಡಿದವನು. ಇವತ್ತು ನನಗೆ ಒಪ್ಪಿಸಿರುವ ವಿಷಯ ವಿಧಾನಸಭೆ. ಬೆಲೆ, ಸಾಲ ಬಿಟ್ಟು ಇದೇನಪ್ಪಾ ವಿಧಾನಸಭೆ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಬೆಲೆ, ಸಾಲ, ಭೂಮಿ ಮೂರರ ದಾರಿಯೂ ಆ ಕಟ್ಟಡದ ಒಳಗಿಂದಲೇ ಹಾದು ಬರುತ್ತದೆ.

ನಮ್ಮೂರಿನ ಒಂದು ಸಂಗತಿ ಹೇಳ್ತೀನಿ. ಕೆರೆ ಕೆಳಗಿನ ಮೂರು ಎಕರೆ ಸಾಲಕ್ಕೆ ಮಾರಾಟವಾಯಿತು. ಕೊಂಡವರು ಪಟ್ಟಣದವರು. ತಂತಿ ಬೇಲಿ ಹಾಕಿ, ಗೇಟಿಗೆ ಬೀಗ ಜಡಿದು ಹೋದರು. ಭೂಮಿ ಮಾರಿದವನ ತಂದೆಗೆ ಎಂಬತ್ತು ದಾಟಿದೆ. ಗೇಣಿ ಮಾಡುತ್ತಿದ್ದು ಅರಸು ಕಾಲದಲ್ಲಿ ಅದೇ ಭೂಮಿಗೆ ಒಡೆಯನಾದ ಮನುಷ್ಯ. ಅವರು ನನ್ನನ್ನು ಕೇಳಿದರು: "ಬೇಸಾಯ ಮಾಡದೋರು ಭೂಮಿ ಕೊಳ್ಳಂಗಿಲ್ಲ ಅಂತ ಆಗ ಕಾನೂನು ಮಾಡಿದ್ರಲ್ಲಪ್ಪಾ, ಅದನ್ನ ಯಾವಾಗ ತೆಗೆದ್ರು? ನಮ್ಮನ್ನ ಕೇಳಿದ್ರಾ? ನಾವು ಓಟು ಹಾಕಿ ಕಳಿಸಿದವನು ಆವತ್ತು ಏನಂದ?"

ಮೊದಲ ಪ್ರಶ್ನೆಗೆ ಉತ್ತರ ಗೊತ್ತಿತ್ತು, ಹೇಳಿದೆ. ಎರಡನೆಯದಕ್ಕೆ ಇಲ್ಲ ಅಂದೆ. ಮೂರನೆಯದಕ್ಕೆ ನನ್ನ ಬಾಯಲ್ಲಿ ಮಾತಿಲ್ಲ. ಮೂವತ್ತು ವರ್ಷದಿಂದ ಚಳವಳಿಯಲ್ಲಿ ಇದ್ದೇನೆ, ಧರಣಿ ಕೂತಿದ್ದೇನೆ, ಲಾಠಿ ಏಟು ತಿಂದಿದ್ದೇನೆ. ಆದರೆ ನನ್ನ ಭೂಮಿಯ ಕಾನೂನು ಬದಲಾದ ದಿನ ನನ್ನ ಶಾಸಕ ಏನು ಮಾಡಿದ ಅನ್ನೋದು ನನಗೆ ಗೊತ್ತಿಲ್ಲ. ನನಗೇ ನಾಚಿಕೆಯಾಯಿತು.

ಮನೆಗೆ ಸಂಬಳದ ಆಳು ಇಟ್ಟುಕೊಂಡರೆ ಯುಗಾದಿಗೆ ಲೆಕ್ಕ ನೋಡುತ್ತೇವೆ. ಎಷ್ಟು ದಿನ ಬಂದ, ಎಷ್ಟು ದಿನ ತಪ್ಪಿಸಿದ, ಏನು ಕೆಲಸ ಮಾಡಿದ ಅಂತ ಬಾಯಲ್ಲೇ ಹೇಳುತ್ತೇವೆ. ಐದು ವರ್ಷಕ್ಕೆ ಅಂತ ವಿಧಾನಸೌಧಕ್ಕೆ ಕಳಿಸಿದವರ ಲೆಕ್ಕ ಮಾತ್ರ ಯಾರೂ ನೋಡುವುದಿಲ್ಲ. ಅದಕ್ಕೆ ನಾನು 2018ರಿಂದ 2023ರವರೆಗಿನ ಸಭೆಯ ಲೆಕ್ಕ ಬರೆದುಕೊಂಡು ಬಂದಿದ್ದೇನೆ. ಅದು ಕರ್ನಾಟಕದ ಹದಿನೈದನೆಯ ವಿಧಾನಸಭೆ.

ಯಾರು ಯಾರು ಹೋದರು

ವಿಧಾನಸಭೆಗೆ ನಾವು ಆರಿಸುವುದು 224 ಜನರನ್ನು. ಅದರಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. 2018ರ ಮೇ 12ರಂದು 222 ಕಡೆ ಮತದಾನವಾಯಿತು. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಇತರರು 3. ಬಹುಮತ ಯಾರಿಗೂ ಬರಲಿಲ್ಲ. ಗೆದ್ದ ಹೆಣ್ಣುಮಕ್ಕಳು ಹತ್ತಕ್ಕೂ ಕಡಿಮೆ. ಕಳೆ ಕೀಳುವವರು, ನಾಟಿ ಮಾಡುವವರು, ಹಾಲು ಕರೆಯುವವರು ಹೆಂಗಸರು. ಕಾನೂನು ಮಾಡುವ ಕಡೆ ಅವರಿಗೆ ಜಾಗವಿಲ್ಲ.

ಇನ್ನೊಂದು ಮಾತು. ಅದರ ಹಿಂದಿನ ಸಭೆಯಲ್ಲಿ ಮೇಲುಕೋಟೆಯಿಂದ ಕೆ.ಎಸ್. ಪುಟ್ಟಣ್ಣಯ್ಯನವರಿದ್ದರು. ರೈತ ಚಳವಳಿಯಿಂದ ಹೋದ ದನಿ ಅದು. 2018ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಮೇ ತಿಂಗಳ ಚುನಾವಣೆಯಲ್ಲಿ ಅವರ ಮಗ ದರ್ಶನ್ ಸೋತರು. ಹೀಗಾಗಿ ಭೂಮಿ ಕಾನೂನು ಬದಲಾದ ಆ ಸಭೆಯಲ್ಲಿ ಹಸಿರು ಶಾಲಿನ ಚಳವಳಿಯಿಂದ ಗೆದ್ದು ಬಂದವರು ಒಬ್ಬರೂ ಇರಲಿಲ್ಲ. "ನಾನೂ ರೈತನ ಮಗ" ಅನ್ನುವವರು ಬೇಕಾದಷ್ಟು ಜನ ಇದ್ದರು.

ಮೊದಲು ಯಡಿಯೂರಪ್ಪನವರು ಮೇ 17ಕ್ಕೆ ಮುಖ್ಯಮಂತ್ರಿಯಾಗಿ 19ಕ್ಕೆ ರಾಜೀನಾಮೆ ಕೊಟ್ಟರು. 23ಕ್ಕೆ ಕಾಂಗ್ರೆಸ್ಸು-ಜೆಡಿಎಸ್ಸು ಕೂಡಿ ಕುಮಾರಸ್ವಾಮಿಯವರು ಬಂದರು. ಹದಿನಾಲ್ಕು ತಿಂಗಳು ನಡೆಯಿತು. 2019ರ ಜುಲೈನಲ್ಲಿ ಆಳುವ ಕಡೆಯ ಶಾಸಕರು ಸಾಲುಸಾಲಾಗಿ ರಾಜೀನಾಮೆ ಕೊಟ್ಟು ಮುಂಬೈ ಹೋಟೆಲಿಗೆ ಹೋದದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಜುಲೈ 23ರಂದು ತಲೆ ಎಣಿಸಿದರು. ಸರ್ಕಾರದ ಪರ 99, ವಿರುದ್ಧ 105. ಸರ್ಕಾರ ಬಿತ್ತು. ಸ್ಪೀಕರ್ ರಮೇಶ್ ಕುಮಾರ್ ಅವರು 17 ಜನರನ್ನು ಅನರ್ಹ ಮಾಡಿದರು. ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತ ಸುಪ್ರೀಂ ಕೋರ್ಟು ನವೆಂಬರ್ 13ರಂದು ಹೇಳಿತು. ಡಿಸೆಂಬರ್ 5ಕ್ಕೆ 15 ಕಡೆ ಉಪಚುನಾವಣೆ. ಬಿಜೆಪಿ 12 ಗೆದ್ದಿತು. ಪಕ್ಷ ಬದಲಿಸಿ ಗೆದ್ದವರಲ್ಲಿ 10 ಜನ 2020ರ ಫೆಬ್ರವರಿ 6ರಂದು ಮಂತ್ರಿಗಳಾದರು.

ಇದರಲ್ಲಿ ರೈತನಿಗೇನು ಸಂಬಂಧ ಅಂತೀರಾ? 2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಕೃಷ್ಣೆ, ಘಟಪ್ರಭೆ ತುಂಬಿ ಬಂದು ಬೆಳಗಾವಿ, ಬಾಗಲಕೋಟೆ ಸೀಮೆ ಮುಳುಗಿತು. ಕಬ್ಬು ಕೊಳೆಯಿತು, ಮನೆ ಬಿತ್ತು, ದನಕರು ತೇಲಿಹೋದವು. ಅಥಣಿ, ಕಾಗವಾಡ, ಗೋಕಾಕ ಮೂರೂ ಕಡೆ ಆಗ ಶಾಸಕರೇ ಇಲ್ಲ. ಮೂವರೂ ಅನರ್ಹರ ಪಟ್ಟಿಯಲ್ಲಿದ್ದರು. ಆಗಸ್ಟ್ 20ರವರೆಗೆ ಮುಖ್ಯಮಂತ್ರಿ ಒಬ್ಬರನ್ನು ಬಿಟ್ಟರೆ ರಾಜ್ಯದಲ್ಲಿ ಒಬ್ಬ ಮಂತ್ರಿಯೂ ಇರಲಿಲ್ಲ. ಪರಿಹಾರ ಕೇಳಲು ಅಲ್ಲಿಯ ರೈತ ಯಾರ ಮನೆ ಬಾಗಿಲಿಗೆ ಹೋಗಬೇಕಿತ್ತು?

ರಾಯಚೂರು ಜಿಲ್ಲೆಯ ಮಸ್ಕಿ ಕತೆ ಇನ್ನೂ ಕಷ್ಟ. ಉಳಿದ ಹದಿನೈದು ಕಡೆ ಡಿಸೆಂಬರಿಗೆ ಚುನಾವಣೆಯಾದರೂ ಅಲ್ಲಿ ಆಗಲಿಲ್ಲ. 2021ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಇಪ್ಪತ್ತೊಂದು ತಿಂಗಳು ಆ ಕ್ಷೇತ್ರಕ್ಕೆ ಸಭೆಯಲ್ಲಿ ಬಾಯಿ ಇರಲಿಲ್ಲ. ಅದೇ ಹೊತ್ತಿನಲ್ಲಿ ಅಲ್ಲಿಯ ರೈತರು ನಾರಾಯಣಪುರ ಬಲದಂಡೆಯ 5ಎ ನಾಲೆ ಬೇಕು ಅಂತ ಧರಣಿ ಕೂತಿದ್ದರು. ಕೊನೆಗೆ ಪಕ್ಷ ಬದಲಿಸಿ ಓಟು ಕೇಳಲು ಬಂದವರನ್ನು ಮಸ್ಕಿ ಜನ ಸೋಲಿಸಿದರು. ಅದು ಸಣ್ಣ ಮಾತಲ್ಲ. ಅಲ್ಲಿಯ ಜನ ಲೆಕ್ಕ ಕೇಳಿದರು.

ಸಾಲದ ವಿಚಾರ

ನ್ಯಾಯವಾಗಿ ಮಾತಾಡಬೇಕು. ಆ ಸಭೆಯಲ್ಲಿ ನಮಗೆ ಏನೂ ಸಿಗಲಿಲ್ಲ ಅಂದರೆ ಸುಳ್ಳಾಗುತ್ತದೆ. 2018ರ ಜುಲೈ 5ರ ಬಜೆಟ್ಟಿನಲ್ಲಿ 34,000 ಕೋಟಿ ರೂಪಾಯಿ ಬೆಳೆಸಾಲ ಮನ್ನಾ ಅಂತ ಹೇಳಿದರು, 2 ಲಕ್ಷದ ಮಿತಿ ಹಾಕಿದರು. ಬಂತು, ನಿಜ. ಆದರೆ ಆಧಾರ್ ತಾ, ಪಡಿತರ ಚೀಟಿ ತಾ, ಪಹಣಿ ತಾ ಅಂತ ಜನ ಸಾಲು ನಿಂತರು. ನಮ್ಮ ಮನೆಯಲ್ಲಿ ಅಣ್ಣನ ಹೆಸರಲ್ಲಿ ಒಂದು ಸಾಲ, ನನ್ನ ಹೆಸರಲ್ಲಿ ಒಂದು. ಚೀಟಿ ಒಂದೇ. ಅಣ್ಣನದು ಹೋಯಿತು, ನನ್ನದು ಉಳಿಯಿತು. ಕೂಡಿ ಬಾಳಿದ್ದಕ್ಕೆ ದಂಡ ಕಟ್ಟಿದ ಹಾಗಾಯಿತು.

ಅದಕ್ಕಿಂತ ದೊಡ್ಡದು ಕೈಸಾಲ, ಗಿರವಿ ಸಾಲ. ಹೆಂಡತಿಯ ಕೊರಳಿನದು ಮಾರ್ವಾಡಿ ಅಂಗಡಿಯಲ್ಲಿದ್ದರೆ ಬ್ಯಾಂಕಿನ ಮನ್ನಾದಿಂದ ಅದು ಬಿಡುಗಡೆಯಾಗುವುದಿಲ್ಲ. ಇದಕ್ಕಾಗಿ ಆ ಸಭೆ ಋಣ ಪರಿಹಾರ ಕಾಯ್ದೆ ಮಾಡಿತು. ಸಣ್ಣ ರೈತರು, ಭೂಮಿಯಿಲ್ಲದ ಕೂಲಿಗಾರರು, ಕಡಿಮೆ ವರಮಾನದವರು ಖಾಸಗಿಯವರ ಹತ್ತಿರ ಮಾಡಿದ ಸಾಲದಿಂದ ಒಂದು ಸಲ ಬಿಡುಗಡೆ ಪಡೆಯಬಹುದು, 90 ದಿನದೊಳಗೆ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬೇಕು ಅಂತ. ಕಾಯ್ದೆ ಜಾರಿಗೆ ಬಂದ ದಿನ ಯಾವುದು ಗೊತ್ತೇ? 2019ರ ಜುಲೈ 23. ಸರ್ಕಾರ ಬಿದ್ದ ದಿನವೇ! ಮಾಡಿದವರು ಮನೆಗೆ ಹೋದರು, ಬಂದವರಿಗೆ ಮಂತ್ರಿಮಂಡಲವೇ ಇರಲಿಲ್ಲ. 90 ದಿನದಲ್ಲಿ ಸುಮಾರು ಒಂದು ತಿಂಗಳು ಹಾಗೇ ಹೋಯಿತು. ನಮ್ಮ ಹೋಬಳಿಯಲ್ಲಿ ಆ ಕಾಯ್ದೆಯ ಹೆಸರು ಕೇಳಿದವರೇ ಕಡಿಮೆ. ಕುರ್ಚಿಯ ಜಗಳಕ್ಕೂ ಕೊರಳಿನ ತಾಳಿಗೂ ಏನು ಸಂಬಂಧ ಅಂತ ಕೇಳುವವರಿಗೆ ಇದೇ ಉತ್ತರ.

ಸಭೆ ಕರೆಯದೆ ಬಂದ ಕಾನೂನು

ಈಗ ಆ ಮುದುಕರ ಮೊದಲ ಪ್ರಶ್ನೆಗೆ ಬರ್ತೀನಿ. ಸಭೆ ನಡೆಯದ ಹೊತ್ತಿನಲ್ಲಿ ತುರ್ತಾಗಿ ಕಾನೂನು ಬೇಕಾದರೆ ಮಂತ್ರಿಮಂಡಲದ ಸಲಹೆಯಂತೆ ರಾಜ್ಯಪಾಲರು ಸುಗ್ರೀವಾಜ್ಞೆ ಹೊರಡಿಸಬಹುದು. ಬೆಂಕಿ ಬಿದ್ದಾಗ ಬಾಗಿಲು ಒಡೆಯುವುದಕ್ಕೆ ಇರುವ ಹಾರೆ ಅದು. 2020ರಲ್ಲಿ ಕೊರೊನಾ ಬಂದು ನಾವು ಟೊಮೇಟೊ ತಿಪ್ಪೆಗೆ ಸುರಿಯುತ್ತಿದ್ದಾಗ ಆ ಹಾರೆ ಯಾರ ಮನೆಯ ಬಾಗಿಲಿಗೆ ಬಿತ್ತು?

ಮೇ ತಿಂಗಳಲ್ಲಿ ಎಪಿಎಂಸಿ ಸುಗ್ರೀವಾಜ್ಞೆ. ಯಾರ್ಡಿನ ಹೊರಗೆ ಖಾಸಗಿಯವರು ಖರೀದಿ ಮಾಡಲು ಇದ್ದ ತಡೆ ಹೋಯಿತು. ಜುಲೈನಲ್ಲಿ ಭೂಸುಧಾರಣೆ ಸುಗ್ರೀವಾಜ್ಞೆ. 1974ರ ಮಾರ್ಚ್ 1ರಿಂದ ಜಾರಿಯಲ್ಲಿದ್ದ 79ಎ, 79ಬಿ ಕಲಂಗಳು ಹೋದವು. ಬೇರೆ ಕಸುಬಿನ ದೊಡ್ಡ ವರಮಾನದವರು, ಬೇಸಾಯಗಾರರಲ್ಲದವರು ಸಾಗುವಳಿ ಭೂಮಿ ಕೊಳ್ಳಬಾರದು ಅನ್ನುವ ಬೇಲಿ ಅದು. ಬೇಲಿ ಆಗಲೇ ಸಡಿಲವಾಗಿತ್ತು, 2015ರಲ್ಲಿ ವರಮಾನದ ಮಿತಿಯನ್ನು 25 ಲಕ್ಷಕ್ಕೆ ಏರಿಸಿದ್ದರು. 2020ರಲ್ಲಿ ಗೂಟವನ್ನೇ ಕಿತ್ತರು. ಈ ಕಲಂ ಹೆಸರಲ್ಲಿ ಕಚೇರಿಗಳಲ್ಲಿ ಲಂಚ ನಡೆಯುತ್ತದೆ ಅಂತ ಕಾರಣ ಕೊಟ್ಟರು. ಲಂಚ ಇತ್ತು, ನಾನು ಇಲ್ಲ ಅನ್ನುವುದಿಲ್ಲ. ಇಲಿ ಇದೆ ಅಂತ ಮನೆಗೆ ಬೆಂಕಿ ಇಡುತ್ತಾರೆಯೇ?

ಸೆಪ್ಟೆಂಬರಿನಲ್ಲಿ ವಿಧಾನಸಭೆ ಒಪ್ಪಿತು. 28ನೇ ತಾರೀಖು ನಾವು ಕರ್ನಾಟಕ ಬಂದ್ ಮಾಡಿದೆವು. ಪರಿಷತ್ತಿನಲ್ಲಿ ಆಳುವ ಪಕ್ಷಕ್ಕೆ ಬಹುಮತ ಇರಲಿಲ್ಲ, ಅಲ್ಲಾದರೂ ನಿಲ್ಲುತ್ತದೆ ಅಂದುಕೊಂಡೆವು. ಡಿಸೆಂಬರ್ 8ರಂದು, ಭಾರತ್ ಬಂದ್ ನಡೆಯುತ್ತಿದ್ದ ದಿನವೇ, ಮೊದಲು ವಿರೋಧ ಮಾಡಿದ್ದ ಜೆಡಿಎಸ್ ಬೆಂಬಲ ಕೊಟ್ಟು ಅದನ್ನು ದಾಟಿಸಿತು. ದನದ ಕಾನೂನೂ ಅಷ್ಟೇ. ಡಿಸೆಂಬರಿನಲ್ಲಿ ಗದ್ದಲದ ನಡುವೆ ವಿಧಾನಸಭೆಯಲ್ಲಿ ಪಾಸಾಯಿತು, ಪರಿಷತ್ತು ದಾಟದೆ ಜನವರಿಯಲ್ಲಿ ಸುಗ್ರೀವಾಜ್ಞೆಯಾಯಿತು, ಫೆಬ್ರವರಿಯಲ್ಲಿ ಕಾಯ್ದೆಯಾಯಿತು. ಅದರ ಬಗ್ಗೆ ನಮ್ಮೊಳಗೇ ಎರಡು ಅಭಿಪ್ರಾಯ ಇದೆ. ಇರಲಿ. ಹಾಲು ಬತ್ತಿದ ಹಸುವನ್ನು, ಸೀಮೆಹಸುವಿನ ಗಂಡುಕರುವನ್ನು ಸಾಕುವ ಖರ್ಚು ಯಾರದು ಅಂತ ಸಾಕುವವನನ್ನು ಒಂದು ಮಾತು ಕೇಳಬೇಕಿತ್ತು, ಅಷ್ಟೇ ನಾನು ಹೇಳೋದು.

ದೆಹಲಿಯ ಮೂರು ಕೃಷಿ ಕಾಯ್ದೆಗಳನ್ನು 2021ರಲ್ಲಿ ವಾಪಸ್ಸು ತೆಗೆದುಕೊಂಡರು. ಅಲ್ಲಿ ರೈತರು ಒಂದು ವರ್ಷ ರಸ್ತೆಯಲ್ಲಿ ಮಲಗಿದ್ದರು. ನಮ್ಮ ರಾಜ್ಯದ ಕಾಯ್ದೆಗಳು ಆ ಅವಧಿ ಮುಗಿಯುವವರೆಗೂ ಅಲುಗಾಡಲಿಲ್ಲ.

ದಿನದ ಲೆಕ್ಕ, ಸಂಬಳದ ಲೆಕ್ಕ

ವರ್ಷಕ್ಕೆ 60 ದಿನವಾದರೂ ಸಭೆ ನಡೆಯಬೇಕು ಅಂತ 2005ರಲ್ಲಿ ಅವರೇ ಕಾಯ್ದೆ ಮಾಡಿಕೊಂಡಿದ್ದಾರೆ. ಆ ಐದು ವರ್ಷದಲ್ಲಿ ಒಂದು ವರ್ಷವೂ 60 ಮುಟ್ಟಲಿಲ್ಲ. ಸೇರಿದ ದಿನಗಳಲ್ಲೂ ಗದ್ದಲದಲ್ಲಿ ಎಷ್ಟು ಹೋಯಿತು ಅನ್ನುವುದು ನಿಮಗೆ ಗೊತ್ತು.

2022ರ ಫೆಬ್ರವರಿಯಲ್ಲಿ ಅಂಥದ್ದೇ ಗದ್ದಲ. ವಿರೋಧ ಪಕ್ಷದವರು ಸದನದಲ್ಲೇ ಅಹೋರಾತ್ರಿ ಧರಣಿ ಕೂತಿದ್ದರು. ಅದರ ನಡುವೆ, ಚರ್ಚೆಯೇ ಇಲ್ಲದೆ, ಒಂದು ಮಸೂದೆ ಪಾಸಾಯಿತು. ಶಾಸಕರ ಮೂಲ ಸಂಬಳ 25,000ದಿಂದ 40,000ಕ್ಕೆ ಏರಿತು. ಮುಂದೆ ಐದು ವರ್ಷಕ್ಕೊಮ್ಮೆ ಬೆಲೆ ಏರಿಕೆಯ ಸೂಚ್ಯಂಕ ನೋಡಿ ಸಂಬಳ ಪರಿಷ್ಕರಿಸುವ ಏರ್ಪಾಡೂ ಅದರಲ್ಲೇ ಆಯಿತು. ಅದಕ್ಕೂ ಮುಂಚೆಯೇ, 2025ರ ಮಾರ್ಚಿನಲ್ಲಿ, ಇನ್ನೊಂದು ಸಭೆ, ಇನ್ನೊಂದು ಸರ್ಕಾರ, ಅದೇ ಗದ್ದಲದಲ್ಲಿ ಅದನ್ನು 80,000 ಮಾಡಿತು. ಈ ಒಂದು ವಿಚಾರದಲ್ಲಿ ಪಕ್ಷಭೇದವಿಲ್ಲ.

ನಮ್ಮ ರಾಗಿಯ ಲೆಕ್ಕ ಪಕ್ಕದಲ್ಲಿಟ್ಟು ನೋಡಿ. ಬೆಂಬಲ ಬೆಲೆ 2018-19ರಲ್ಲಿ ಕ್ವಿಂಟಾಲಿಗೆ 2,897 ರೂಪಾಯಿ. 2022-23ರಲ್ಲಿ 3,578. ನೂರಕ್ಕೆ 23 ಚಿಲ್ಲರೆ ಏರಿತು. ಅದೇ ಅವಧಿಯಲ್ಲಿ ಅವರ ಸಂಬಳ ನೂರಕ್ಕೆ 60. ಬೆಂಬಲ ಬೆಲೆ ನಿಗದಿ ಮಾಡುವುದು ದೆಹಲಿ, ಬೆಂಗಳೂರಲ್ಲ ಅಂತ ನನಗೂ ಗೊತ್ತು. ಆದರೆ ಖರೀದಿ ಕೇಂದ್ರವನ್ನು ಸುಗ್ಗಿಯ ಹೊತ್ತಿಗೆ ತೆರೆಯಬೇಕು ಅಂತ ಸದನದಲ್ಲಿ ಎದ್ದು ಕೇಳುವುದು ಇಲ್ಲಿಯ ಶಾಸಕನ ಕೆಲಸವೇ. ಜೀವನದ ಖರ್ಚು ಏರುತ್ತದೆ ಅನ್ನುವುದು ಅವರಿಗೆ ಅವರ ಸಂಬಳದಲ್ಲಿ ಕಾಣುತ್ತದೆ, ನಮ್ಮ ರಾಗಿಯಲ್ಲಿ ಕಾಣುವುದಿಲ್ಲ.

ನಾವು ಮಾಡಬೇಕಾದದ್ದು

ಮುದುಕರ ಮೂರನೇ ಪ್ರಶ್ನೆ ಬಾಕಿ ಇದೆ. ನಾವು ಕಳಿಸಿದವನು ಆವತ್ತು ಏನಂದ? ಇದಕ್ಕೆ ಉತ್ತರ ಸಿಗದಿರುವುದಕ್ಕೆ ಒಂದು ಕಾರಣವಿದೆ. ಸಾಮಾನ್ಯವಾಗಿ ಮಸೂದೆ ಪಾಸಾಗುವುದು ಧ್ವನಿಮತದಲ್ಲಿ. "ಹೌದು ಅನ್ನುವವರು ಹೌದು ಅನ್ನಿ" ಅನ್ನುತ್ತಾರೆ, ಕೂಗುತ್ತಾರೆ, ಮುಗಿಯಿತು. ಯಾರು ಕೂಗಿದರು, ಯಾರು ಸುಮ್ಮನಿದ್ದರು, ಯಾರು ಕ್ಯಾಂಟೀನಿನಲ್ಲಿದ್ದರು, ಹೆಸರು ಬರೆಯುವುದಿಲ್ಲ. ಸರ್ಕಾರ ಉಳಿಯುತ್ತದೋ ಬೀಳುತ್ತದೋ ಅನ್ನುವ ದಿನ ಮಾತ್ರ ಒಂದೊಂದು ತಲೆ ಎಣಿಸುತ್ತಾರೆ. ಕುರ್ಚಿಗೆ ತಲೆ ಎಣಿಕೆ, ಭೂಮಿಗೆ ಬಾಯಿ ಕೂಗು. ಇದು ಸರಿಯೇ? ಸದಸ್ಯರು ಪಟ್ಟು ಹಿಡಿದರೆ ಮತ ವಿಭಜನೆಗೆ ಅವಕಾಶವಿದೆ, ಆಗ ಯಾರು ಯಾವ ಕಡೆ ಅನ್ನುವುದು ದಾಖಲೆಯಾಗುತ್ತದೆ.

ಅದಕ್ಕೆ ನನ್ನ ಸೂಚನೆ ಇಷ್ಟು. ಪ್ರತಿ ಹೋಬಳಿಯಲ್ಲಿ ಓದು ಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ಒಂದು ನೋಟ್‌ಬುಕ್ ಇಡಲಿ. ಅಧಿವೇಶನ ಮುಗಿದ ಕೂಡಲೇ ಶಾಸಕರನ್ನು ಊರಿಗೆ ಕರೆದು ನಾಲ್ಕು ಪ್ರಶ್ನೆ ಕೇಳೋಣ. ಎಷ್ಟು ದಿನ ಹೋಗಿದ್ದಿರಿ? ಬೆಲೆ, ಸಾಲದ ಮೇಲೆ ಏನು ಪ್ರಶ್ನೆ ಕೇಳಿದಿರಿ? ರೈತರ ಮೇಲಿನ ಸುಗ್ರೀವಾಜ್ಞೆ ಬಂದಾಗ ಎದ್ದು ಮಾತಾಡಿದಿರಾ? ಮತ ವಿಭಜನೆ ಕೇಳಿದಿರಾ? ಅವರು ಯಾವ ಪಕ್ಷವೇ ಆಗಲಿ, ನಮ್ಮ ನೆಂಟರೇ ಆಗಲಿ, ಈ ನಾಲ್ಕೂ ಕೇಳಬೇಕು. ಮರ್ಯಾದೆಯಿಂದ ಕೂರಿಸಿ, ಕಾಫಿ ಕೊಟ್ಟು ಕೇಳೋಣ. ಉತ್ತರ ಬರೆದುಕೊಳ್ಳೋಣ, ಅವರ ಸಹಿ ಹಾಕಿಸೋಣ.

ಲೆಕ್ಕ ಕೇಳದ ತಪ್ಪು ನಮ್ಮದೂ ಹೌದು. ಮದುವೆಗೆ ಬಂದರಾ, ಸಾವಿಗೆ ಬಂದರಾ, ಗುಡಿಗೆ ದುಡ್ಡು ಕೊಟ್ಟರಾ ಅಂತ ನೋಡಿ ಓಟು ಹಾಕಿದವರು ನಾವೇ. ಗುಡಿಗೆ ಬಂದ ಐವತ್ತು ಸಾವಿರ ನಮಗೆ ಕಂಡಿತು. ಭೂಮಿಯ ಕಾನೂನು ಹೋದದ್ದು ಕಾಣಲಿಲ್ಲ.

ಆ ಮುದುಕರು ಈಗಲೂ ಸಂಜೆ ಹೊತ್ತು ತಂತಿ ಬೇಲಿಯ ಪಕ್ಕ ಬಂದು ಕೂರುತ್ತಾರೆ. ಒಳಗೆ ಲಂಟಾನ ಬೆಳೆದಿದೆ. ನಾನು ಆ ದಾರಿಯಲ್ಲಿ ಹೋದರೆ "ಏನಪ್ಪಾ, ಗೊತ್ತಾಯ್ತಾ?" ಅನ್ನುತ್ತಾರೆ. ಮುಂದಿನ ಸಲ ಅವರಿಗೆ ಒಂದು ಉತ್ತರ ತೆಗೆದುಕೊಂಡು ಹೋಗಬೇಕು ಅಂತ ನನಗೆ ಆಸೆ ಇದೆ. ಅದು ನನ್ನೊಬ್ಬನಿಂದ ಆಗುವ ಕೆಲಸವಲ್ಲ.